ಜೋಳದ ಹೊಲದಲ್ಲಿ ಕಾಣೆಯಾದ ಕಾರು

ಸುಮಂಗಲಾಳ ಕಾರು ಎಷ್ಟು ಸಣ್ಣದೆಂದರೆ, ಬಸವನ ಬಾಗೇವಾಡಿಯ ಅವರ ಇಕ್ಕಟ್ಟಾದ ಓಣಿಯಲ್ಲಿ ಅದನ್ನು ನಿಲ್ಲಿಸಿದ ಮೇಲೂ ಒಂದು ಎಮ್ಮೆ ಆರಾಮವಾಗಿ ಹಾಯ್ದು ಹೋಗುತ್ತಿತ್ತು. ಬಣ್ಣ ಮಾತ್ರ ಮೂರು ಓಣಿ ಆಚೆಯಿಂದಲೂ ಕಾಣುವಂಥ ಲಿಂಬೆಹಣ್ಣಿನ ಹಳದಿ. ಮಸೂತಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಸುಮಂಗಲಾ ಹತ್ತು ವರ್ಷ ಬಸ್ಸಿನ ಬೆನ್ನು ಹತ್ತಿ ಸಾಕಾಗಿ, ಸೆಕೆಂಡ್ ಹ್ಯಾಂಡಿನಲ್ಲಿ ಅದನ್ನು ಕೊಂಡಿದ್ದಳು.

ಆಕೆಗಿಂತ ಹೆಚ್ಚು ಹಿಗ್ಗಿದವಳು ಅತ್ತೆ ಸಾವಿತ್ರವ್ವ. ಅರವತ್ತೆರಡು ವರ್ಷ ಬಸ್ಸಿನಲ್ಲಿ ಹಿಂದಿನ ಸೀಟು, ಚಕ್ಕಡಿಯಲ್ಲಿ ಹಿಂದಿನ ಮೂಲೆ ಎಂದು ಬದುಕಿದ್ದ ಆಕೆಗೆ ಮುಂದಿನ ಸೀಟು ಸಿಕ್ಕಿತ್ತು. ಸಂತೆಗೆ ಹೋಗುವಾಗ ಗಾಜು ಇಳಿಸಿ ಗುರುತಿನವರಿಗೂ ಗುರುತಿಲ್ಲದವರಿಗೂ ಕೈಬೀಸುತ್ತಿದ್ದಳು.

ನಕ್ಕವನು ಒಬ್ಬನೇ, ಸಾವಿತ್ರವ್ವನ ತಮ್ಮ ರಾವಸಾಬ. ಮುದ್ದೇಬಿಹಾಳದಲ್ಲಿ ಸಿಮೆಂಟಿನ ಅಂಗಡಿ ಇಟ್ಟಿದ್ದ ಅವನ ಹತ್ತಿರ ಕರಿ ಬಣ್ಣದ ದೊಡ್ಡ ಜೀಪಿತ್ತು. ಹತ್ತಬೇಕಾದರೆ ಮೆಟ್ಟಿಲಿನ ಮೇಲೆ ಕಾಲಿಡಬೇಕು.

"ಅಕ್ಕಾ, ಇದು ಕಾರಲ್ಲ, ಕುಂಕುಮದ ಕರಡಿಗಿ," ಎಂದು ಬಾನೆಟ್ ಮೇಲೆ ಬಡಿದು ನಗುತ್ತಿದ್ದ.

"ನಿನ್ನದು ಜ್ವಾಳ ತುಂಬೂ ಹಗೇವು. ಹತ್ತಿ ಇಳಿಯೂದ್ರಾಗ ಮೊಣಕಾಲು ಹೋಗ್ತಾವು," ಎನ್ನುತ್ತಿದ್ದಳು ಅಕ್ಕ.

ಜನವರಿಯ ಒಂದು ಐತವಾರ ಎಲ್ಲರೂ ಕೊಲ್ಹಾರಕ್ಕೆ ಹೋಗಿ, ಹೊಳೆಯ ಹಿನ್ನೀರಿನ ದಂಡೆಯಲ್ಲಿ ಕುಳಿತು ರೊಟ್ಟಿ ಬುತ್ತಿ ಉಣ್ಣುವುದೆಂದು ನಿಶ್ಚಯವಾಯಿತು. ಸುಮಂಗಲಾಳ ಗಂಡ ಸುನೀಲಕುಮಾರನಿಗೆ ಇಂಡಿ ಊರಿನಲ್ಲಿ ಪರೀಕ್ಷೆಯ ಕೆಲಸವಿತ್ತು. ಎಂಟು ವರ್ಷದ ಮಗಳು ಸೌಂದರ್ಯಾ, "ನಾ ರಾವಸಾಬಜ್ಜನ ಜೀಪಿನ್ಯಾಗ. ಅದರಾಗ ದೊಡ್ಡ ಟಿವಿ ಐತಿ," ಎಂದು ಹಟ ಹಿಡಿದಳು. ಹೀಗಾಗಿ ಸಣ್ಣ ಕಾರಿನಲ್ಲಿ ಉಳಿದವರು ಅತ್ತೆ ಸೊಸೆ ಇಬ್ಬರೇ.

ಸೊಸೆ ಬೆಲ್ಟ್ ಎಳೆದಾಗ ಸಾವಿತ್ರವ್ವ ಕೊಸರಿದಳು.

"ಆಕಳ ಕರಾ ಕಟ್ಟಿದಂಗ ಕಟ್ಟಬ್ಯಾಡ ನನ್ನ."

"ಕಟ್ಟಲಿಲ್ಲಂದ್ರ ಗಾಡಿ ಚಾಲೂನ ಆಗಂಗಿಲ್ರಿ ಅತ್ತಿ," ಎಂದು ಮುಖ ಗಟ್ಟಿ ಮಾಡಿ ಸುಳ್ಳು ಹೇಳಿದಳು ಸುಮಂಗಲಾ. ಅತ್ತೆ ನಂಬಿ ಕಟ್ಟಿಸಿಕೊಂಡಳು. ಆ ಕಡೆ ರಾವಸಾಬನಿಗೆ ಬೆಲ್ಟಿನ ಗೊಡವೆಯೇ ಇರಲಿಲ್ಲ. ಜೀಪು ಕುಂಯ್ ಕುಂಯ್ ಅನ್ನಬಾರದೆಂದು ಪೇಟೆಯಲ್ಲಿ ಸಿಗುವ, ಬೆಲ್ಟಿಲ್ಲದ ಬರೀ ಕೊಂಡಿಯೊಂದನ್ನು ತಂದು ಬೆಲ್ಟಿನ ತೂತಿನಲ್ಲಿ ಸಿಕ್ಕಿಸಿಟ್ಟಿದ್ದ.

ಊಟ ಚೆನ್ನಾಗಿಯೇ ಆಯಿತು. ಕೊಲ್ಹಾರದ ಮೊಸರು ಗಡಿಗೆ ಬೋರಲು ಹಾಕಿದರೂ ಬೀಳದಷ್ಟು ಗಟ್ಟಿ. ಮನೆಗೆಂದು ಒಂದು ಗಡಿಗೆ ಕೊಂಡು, ಬಾಯಿಗೆ ಬಟ್ಟೆ ಕಟ್ಟಿ ಹಿಂದಿನ ಸೀಟಿನ ಮೇಲೆ ಇಟ್ಟರು.

ತಿರುಗಿ ಬರುವಾಗ ಮುಂದೆ ಹಳದಿ ಕಾರು, ಬೆನ್ನಿಗೆ ಅಂಟಿದಂತೆ ಕರಿ ಜೀಪು. ರಾವಸಾಬ ತಮಾಷೆಗೆ ಹಾರ್ನ್ ಬಾರಿಸುತ್ತ ಬರುತ್ತಿದ್ದ. ಒಂದು ತಿರುವಿನಲ್ಲಿ, ಕಬ್ಬು ಹೇರಿದ ಜೋಡಿ ಟ್ರಾಲಿ ಎಳೆದುಕೊಂಡು ಟ್ರ್ಯಾಕ್ಟರೊಂದು ಆಮೆಯಂತೆ ಹೊರಟಿರುವುದು ಕಂಡಿತು. ಸುಮಂಗಲಾ ಬ್ರೇಕ್ ಹಾಕಿದಳು. ಅದೇ ಗಳಿಗೆಯಲ್ಲಿ ರಾವಸಾಬ ಹಾಡು ಬದಲಿಸಲು ಟಿವಿಯ ಮೇಲೆ ಬೆರಳಾಡಿಸುತ್ತಿದ್ದ.

ಹಿಂದಿನಿಂದ ಢಣ್ ಎಂಬ ಸದ್ದು ಬಂತು. ಸುಮಂಗಲಾಳ ತಲೆ ಸೀಟಿನ ದಿಂಬಿಗೆ ಅಪ್ಪಳಿಸಿತು. ಕಾರು ಚಿಣಿಕೋಲಿನ ಹೊಡೆತ ತಿಂದ ಚಿಣಿಯಂತೆ ಮುಂದಕ್ಕೆ ಚಿಮ್ಮಿತು. ಕಬ್ಬಿನ ಜಲ್ಲೆಗಳು ಗಾಜಿನ ತುಂಬ ದೊಡ್ಡದಾಗುತ್ತ ಬಂದವು. ಆಕೆ ಎರಡೂ ಕೈಯಿಂದ ಸ್ಟಿಯರಿಂಗನ್ನು ಎಡಕ್ಕೆ ಎಳೆದಳು. ಕಾರು ಟ್ರಾಲಿಯನ್ನು ಗೇಣಿನಲ್ಲಿ ತಪ್ಪಿಸಿಕೊಂಡು, ರಸ್ತೆ ಬಿಟ್ಟು, ಆಳೆತ್ತರ ನಿಂತ ಬಿಳಿಜೋಳದೊಳಕ್ಕೆ ನುಗ್ಗಿ, ಹೊಲದ ಒಡ್ಡಿಗೆ ಮೂಗು ಬಡಿದು ನಿಂತಿತು. ಫಟ್ ಫಟ್ ಎಂದು ಎರಡು ಏರ್‌ಬ್ಯಾಗ್ ಸಿಡಿದವು. ಹಿಂದಿನ ಸೀಟಿನ ಗಡಿಗೆ ಇಬ್ಬರ ನಡುವಿನಿಂದ ಹಾರಿ ಬಂದು ಡ್ಯಾಶ್‌ಬೋರ್ಡಿಗೆ ಬಡಿದು ಒಡೆಯಿತು.

ಆಮೇಲೆ ಎಲ್ಲ ಸ್ತಬ್ಧ.

ಸುಮಂಗಲಾ ಮೆಲ್ಲಗೆ ಕೊರಳು ಹೊರಳಿಸಿದಳು. ಪಕ್ಕದಲ್ಲಿ ಅತ್ತೆಯ ಹಣೆ, ಮೂಗು, ಗದ್ದ, ಮೂಗುತಿ ಎಲ್ಲ ಮೊಸರು. ಅದರ ನಡುವೆ ಎರಡು ಕಣ್ಣು ಮಾತ್ರ ಪಿಳಿಪಿಳಿ ಅನ್ನುತ್ತಿದ್ದವು.

"ಅತ್ತಿ! ಏನಾತ್ರಿ? ಮಾತಾಡ್ರಿ!"

ಸಾವಿತ್ರವ್ವ ನಾಲಿಗೆ ಚಾಚಿ ತುಟಿ ನೆಕ್ಕಿದಳು.

"ಹುಳಿ ಆಗಿಲ್ಲ," ಎಂದಳು.

ಅಷ್ಟೇ ಸಾಕಾಯಿತು. ಸುಮಂಗಲಾಳ ಹೊಟ್ಟೆಯೊಳಗಿಂದ ನಗು ಉಕ್ಕಿತು. ಅತ್ತೆಗೂ ಹತ್ತಿತು. ಬೆಲ್ಟಿನಲ್ಲಿ ಬಿಗಿದುಕೊಂಡೇ, ಎದೆ ನೋಯುತ್ತಿದ್ದರೂ, ಕಣ್ಣಲ್ಲಿ ನೀರು ಬರುವಂತೆ ಇಬ್ಬರೂ ನಕ್ಕರು. ನಿಲ್ಲಿಸಲು ಹೋದಷ್ಟೂ ಜಾಸ್ತಿಯಾಯಿತು.

ರಸ್ತೆಯ ಮೇಲೆ ರಾವಸಾಬ ಜೀಪಿನಿಂದ ಜಿಗಿದಿದ್ದ. ಅವನ ಬಾಯಿ ಸ್ಟಿಯರಿಂಗಿಗೆ ಬಡಿದು ತುಟಿ ಸೀಳಿತ್ತು. ಹಿಂದಿನ ಸೀಟಿನಲ್ಲಿ ಅವ್ವ ಕಲಿಸಿದಂತೆ ಬೆಲ್ಟ್ ಹಾಕಿ ಕುಳಿತಿದ್ದ ಸೌಂದರ್ಯಾಳಿಗೆ ಏನೂ ಆಗಿರಲಿಲ್ಲ. ಆದರೆ ಕಾರೆಲ್ಲಿ? ರಸ್ತೆಯಲ್ಲಿಲ್ಲ, ಟ್ರಾಲಿಯ ಕೆಳಗೂ ಇಲ್ಲ. ಜೋಳದ ದಂಟುಗಳು ಮತ್ತೆ ಎದ್ದು ನಿಂತು ಬಾಗಿಲು ಹಾಕಿಕೊಂಡಿದ್ದವು.

"ಅಕ್ಕಾ! ಯಕ್ಕಾ! ಎಲ್ಲಿದ್ದೀ?" ಎಂದು ಚೀರುತ್ತ ಅವನು ಹೊಲದೊಳಗೆ ಅತ್ತಿತ್ತ ಓಡಾಡಿದ. ಟ್ರ್ಯಾಕ್ಟರ್ ನಿಲ್ಲಿಸಿ ಬಂದ ಚಾಲಕ ಕಲ್ಮೇಶ ಅವನ ತೋಳು ಹಿಡಿದು, "ತಡೀರಿ ಸಾಹುಕಾರ್ರ, ಯಾರೋ ನಗಾಕತ್ತಾರ ಕೇಳ್ರಿ," ಎಂದ.

ನಗುವಿನ ಜಾಡು ಹಿಡಿದು ಬಂದವರು ಕಂಡದ್ದು ಮೊಸರಿನಲ್ಲಿ ಮಿಂದ ಇಬ್ಬರು ಹೆಂಗಸರನ್ನು. ರಾವಸಾಬ ಅಲ್ಲಿಯೇ ಮಣ್ಣಿನಲ್ಲಿ ಕುಳಿತು ಗಳಗಳ ಅತ್ತ.

"ಸತ್ತವರ ಮುಂದ ಅಳಬೇಕಲೇ, ನಗೋರ ಮುಂದಲ್ಲ! ಮೊದಲ ನನ್ನ ಬಿಚ್ಚು," ಎಂದಳು ಅಕ್ಕ.

ಸುಮಂಗಲಾ ಇಳಿದು ಕಾರಿನ ಹಿಂದಕ್ಕೆ ಬಂದಳು. ಡಿಕ್ಕಿಯೇ ಉಳಿದಿರಲಿಲ್ಲ. ಹಿಂಬದಿಯ ತಗಡು ಮುದುಡಿ ಹಿಂದಿನ ಸೀಟನ್ನು ಮುಂದಿನ ಸೀಟಿನ ಬೆನ್ನಿಗೆ ತಂದು ಒತ್ತಿತ್ತು. ಅಲ್ಲಿ ಶಾಲೆಯ ಒಂದು ಪಾಟಿ ಚೀಲ ಇಡಲೂ ಜಾಗವಿರಲಿಲ್ಲ. ಬೆಳಿಗ್ಗೆ ಮಗಳು ಹಟ ಮಾಡದಿದ್ದರೆ ಕೂರಬೇಕಾಗಿದ್ದ ಜಾಗವದು. ಸುಮಂಗಲಾಳ ನಗು ಅಳುವಾಯಿತು. ಓಡಿ ಬಂದ ಸೌಂದರ್ಯಾಳನ್ನು ಮೊಸರಿನ ಸಮೇತ ಎದೆಗವಚಿಕೊಂಡಳು.

"ಅವ್ವಾ, ನೀ ತಣ್ಣಗ ಆಗೀ," ಎಂದಳು ಮಗಳು. ಸುಮಂಗಲಾ ಅಳುತ್ತಳುತ್ತಲೇ ಮತ್ತೆ ನಕ್ಕಳು.

ಬಾಗೇವಾಡಿಯ ದವಾಖಾನೆಯಲ್ಲಿ ಡಾಕ್ಟರ್ ಸಗೀರಾ ಸಾವಿತ್ರವ್ವನ ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿದರು. ಮುದುಕಿ ನಗುವುದನ್ನು ನಿಲ್ಲಿಸದಿದ್ದಾಗ ಅವರಿಗೆ ಅನುಮಾನ ಬಂತು.

"ಅಜ್ಜೀ, ಇವತ್ತು ಯಾವ ವಾರ ಹೇಳ್ರಿ?"

"ಐತವಾರ. ನನ್ನ ಕೊನೀ ವಾರ ಅನ್ಕೊಂಡಿದ್ದೆ. ನಾಳೆ ಸೋಮವಾರಾನೂ ಐತ್ಯಂತ, ಅದಕ್ಕ ನಗಾಕತ್ತೇನಿ."

"ಈ ತಲೀಗೆ ಏನೂ ಆಗಿಲ್ಲ," ಎಂದು ಡಾಕ್ಟರೂ ನಕ್ಕುಬಿಟ್ಟರು. ಬೆಲ್ಟ್ ಒತ್ತಿದ ಕಡೆ ಎದೆಗೆ ಅಡ್ಡಲಾಗಿ ನೀಲಿ ಗೆರೆ ಮೂಡಿತ್ತು, ಸುಮಂಗಲಾಳ ಕುತ್ತಿಗೆ ಹಿಡಿದಿತ್ತು, ಅಷ್ಟೇ. ಹೊಲಿಗೆ ಬಿದ್ದದ್ದು ರಾವಸಾಬನ ತುಟಿಗೆ ಮಾತ್ರ. ಅವನು ತೊದಲುತ್ತ ಕೇಳಿದ:

"ನನ್ನ ಗಾಡಿಗೆ ಬರೇ ಬಂಪರ್ ಸೊಟ್ಟ ಆಗೇತಿ ಸುಮಾ. ನಿಂದು ಹ್ಯಾಂಗ ಹಪ್ಪಳ ಆತು?"

"ನಿಮ್ಮ ಗಾಡಿ ನಮ್ಮದಕ್ಕಿಂತ ಮೂರು ಪಟ್ಟು ವಜನ್ ಐತ್ರಿ ಮಾವಾರ. ಎರಡೂ ಬಡದ್ರ ದೊಡ್ಡದು ಜರಾ ಅಲಗತೈತಿ, ಸಣ್ಣದು ಚೆಂಡಿನಂಗ ಹಾರತೈತಿ. ನಿಮ್ಮ ಜೋರೆಲ್ಲಾ ನಾವು ತಿಂದ್ವಿ. ನಾ ಎಡಕ್ಕ ಎಳೀಲಿಲ್ಲಂದ್ರ ಟ್ರಾಲಿ ಕೆಳಗ ಹೊಕ್ಕಿದ್ವಿ, ಆಗ ಬೆಲ್ಟೂ ಉಳಸ್ತಿರಲಿಲ್ಲ."

ರಾವಸಾಬ ತಲೆ ತಗ್ಗಿಸಿದ. ತನ್ನ ಜೀಪಿನಂಥದೇ ಒಂದನ್ನು ಕೊಡಿಸುತ್ತೇನೆಂದ.

"ಬ್ಯಾಡ್ರಿ. ಎಲ್ಲಾರೂ ಜೀಪ್ ತಗೊಂಡ್ರ ಸೈಕಲ್ಲಿನವರು ಏನ್ ಮಾಡಬೇಕು? ನೀವು ಜರಾ ದೂರ ಇರ್ರಿ ಸಾಕು."

ಒಂದೂವರೆ ತಿಂಗಳ ಮೇಲೆ ಹೊಸ ಕಾರು ನೋಡಲು ಎಲ್ಲರೂ ವಿಜಯಪುರದ ಷೋರೂಮಿಗೆ ಹೋದರು. ಡಿಕ್ಕಿ ಹೊಡೆಸಿ ಪರೀಕ್ಷೆ ಮಾಡಿ ಕಾರುಗಳಿಗೆ ಆಕಾಶದ ಚಿಕ್ಕಿಯಂಥ ಸ್ಟಾರ್ ಕೊಡುತ್ತಾರೆಂದು ಮೊಮ್ಮಗಳು ಅಜ್ಜಿಗೆ ಮೊದಲೇ ವಿಡಿಯೋ ತೋರಿಸಿ ತಯಾರು ಮಾಡಿದ್ದಳು. ಮಾರುವ ಹುಡುಗಿ ಮೈಲೇಜು, ಬಣ್ಣ, ಹಾಡಿನ ಪೆಟ್ಟಿಗೆ ಎಂದು ಶುರು ಮಾಡಿದಳು. ಸಾವಿತ್ರವ್ವ ಕೈಯೆತ್ತಿ ತಡೆದಳು.

"ಅದೆಲ್ಲಾ ಇರಲಿ ಯವ್ವಾ. ಇದಕ್ಕ ಎಷ್ಟು ಚಿಕ್ಕಿ?"

ಹುಡುಗಿ ಗಲಿಬಿಲಿಗೊಂಡು ಸುಮಂಗಲಾಳ ಮುಖ ನೋಡಿದಳು. ಅಷ್ಟರಲ್ಲಿ ಸಾವಿತ್ರವ್ವ ಸೀರೆ ಸಾವರಿಸಿಕೊಂಡು ಒಳಗೆ ಹೊಕ್ಕಿದ್ದಳು. ಈ ಸಲ ಆಕೆ ಕುಳಿತದ್ದು ಸ್ಟಿಯರಿಂಗಿನ ಮುಂದೆ.

"ಕಾಲು ಮುಟ್ಟತಾವು!" ಎಂದು ಕೂಗಿದಳು. "ಸುಮಾ, ಸಾಲ್ಯಾಗ ಎಲ್ಲಾ ಮಕ್ಕಳಿಗೂ ಕಲಸ್ತಿ. ನನಗ ಯಾವಾಗ ಕಲಸಾಕಿ?"