ಶನಿವಾರ ಆರರ ಗಾಡಿ

"ಇನ್ನೊಂಚೂರು ಬಿಗೀರಿ, ತಲಿ ಬಾಗಾಕತ್ತೈತಿ," ಎಂದು ಪರಸಪ್ಪ ಕಾಕಾ ಹೇಳಿದಾಗ ಶಂಕ್ರವ್ವ ತಮ್ಮನ ಗದ್ದದ ಕೆಳಗೆ ಅಂಗೈ ಹಿಡಿದಳು. ಬಾಜೂ ಮನೆಯ ಲಗಮವ್ವ ಬಿಳಿ ಬಟ್ಟೆಯನ್ನು ಹಣೆಯ ಮೇಲಿಂದ ಸುತ್ತಿ ಗೋಡೆಯ ಮೊಳೆಗೆ ಕಟ್ಟಿದಳು. ದುಂಡಪ್ಪ ಪಡಸಾಲೆಯಲ್ಲಿ ನೆಟ್ಟಗೆ ಕುಳಿತ. ಲಿಂಗವಂತರ ಮನೆಯಲ್ಲಿ ಸತ್ತವರನ್ನು ಕೂರಿಸಿಯೇ ಕಳಿಸುತ್ತಾರೆ. ಹದಿನಾರು ವರ್ಷ ಮೂಡಲಗಿಯಿಂದ ಹುಕ್ಕೇರಿಗೆ ಬಸ್ಸು ಓಡಿಸಿದ ಮನುಷ್ಯ ಈಗಲೂ ಸೀಟಿನಲ್ಲಿ ಕುಳಿತಂತೆಯೇ ಕಾಣುತ್ತಿದ್ದ.

ಬಲಗಾಲಿಗೆ ಪಾದವಿರಲಿಲ್ಲ. ಸಕ್ಕರೆ ಕಾಯಿಲೆಯಿಂದ ಐದು ವರ್ಷದ ಹಿಂದೆ ಅದನ್ನು ತೆಗೆಯಬೇಕಾಗಿತ್ತು. ಮಂದಿ ಅತ್ತಲೇ ನೋಡುತ್ತಿದ್ದುದನ್ನು ಕಂಡು ಲಗಮವ್ವ ಸೇವಂತಿಯ ಮಾಲೆಯೊಂದನ್ನು ಬಿಚ್ಚಿ ಆ ಜಾಗದ ಮೇಲೆ ಹರವಿದಳು. ಶಂಕ್ರವ್ವನಿಗೆ ಅವಳ ಕೈ ಹಿಡಿಯಬೇಕೆನಿಸಿತು. ಆದರೆ ಗದ್ದ ಬಿಡುವಂತಿರಲಿಲ್ಲ.

"ನಲವತ್ತಾರು ವಯಸ್ಸು," ಎಂದರು ಪರಸಪ್ಪ ಕಾಕಾ, ಅಂಗಳದ ಮಂದಿಯ ಕಡೆ ತಿರುಗಿ. "ಲಗ್ನಿಲ್ಲ, ಮಕ್ಕಳಿಲ್ಲ. ಕಡೀ ನಾಲ್ಕ ವರ್ಷ ಕಂಪ್ಯೂಟರ್ ಮುಂದ ಸಣ್ಣ ಹುಡುಗರಂಗ ಬಸ್ಸಾಟ ಆಡಕೋಂತ ಕುಂತ."

"ಆಟ ಅನಬ್ಯಾಡ್ರಿ ಕಾಕಾ. ನಾನೂ ವಾರಾ ವಾರಾ ನೋಡತಿದ್ನಿ," ಎಂದ ಸದಾಶಿವ. ದುಂಡಪ್ಪನ ಬಸ್ಸಿನಲ್ಲಿ ಹನ್ನೊಂದು ವರ್ಷ ಕಂಡಕ್ಟರ್ ಆಗಿದ್ದವನು.

"ನೀ ಏನ್ ನೋಡತಿದ್ದಿ ಅದರಾಗ?"

"ಕಂಡಕ್ಟರಗ ಬೈತಿದ್ನಲ್ರಿ, ಅವೆಲ್ಲಾ ಖರೇ ಬೈಗಳು. ನನಗ ಬೈದಾವು."

ನಾಲ್ಕು ಮಂದಿ ನಕ್ಕರು. ಸದಾಶಿವನೂ ನಕ್ಕ. ನಕ್ಕವನು ಟವೆಲಿನಿಂದ ಮುಖ ಮುಚ್ಚಿಕೊಂಡು ಕಟ್ಟೆಯ ತುದಿಗೆ ಹೋಗಿ ಕುಳಿತ.

ಒಳಗೆ ಹೆಂಗಸರು ಹಾಡಿ ಅಳುತ್ತಿದ್ದರು. ಒಡಹುಟ್ಟಿದವಳು ದನಿ ಎತ್ತಬೇಕು, ಉಳಿದವರು ಕೂಡಬೇಕು. ಶಂಕ್ರವ್ವ ಬೆಳಿಗ್ಗೆ ಒಮ್ಮೆ ಎತ್ತಿದ್ದಳು. "ನನ್ನ ತಮ್ಮ ಸತ್ತಾನೋ..." ಎಂದು ಶುರು ಮಾಡಿದವಳು ತನ್ನದೇ ದನಿ ಕೇಳಿ ಅಲ್ಲಿಗೇ ನಿಲ್ಲಿಸಿದಳು. ಹೋದ ಶನಿವಾರದ್ದೇ ಮಾತು, ಅದೇ ರಾಗ. ಆಮೇಲೆ ಬಾಯಿ ತೆರೆಯಲೇ ಇಲ್ಲ.

"ಅಕ್ಕಗ ಕಣ್ಣೀರ ಬರವಲ್ದು ನೋಡು," ಎಂದು ಯಾರೋ ಪಿಸುಗುಟ್ಟಿದರು.

ಅವಳು ಗಡಿಯಾರ ನೋಡಿದಳು. ಇವತ್ತು ಶನಿವಾರ. ಆರಕ್ಕೆ ಬಸ್ಸಾಟ ನೋಡುವ ಮಂದಿ ಬಂದು ಕೂಡುತ್ತಾರೆ. ಅವರಿಗೆ ಹೇಳಬೇಕು. ಹೇಳಬೇಕಾದವಳು ತಾನೇ. ಆದರೆ ಈ ಲೋಕದಲ್ಲಿ ಯಾರು ಹೇಳಿದರೂ ನಂಬಿಯಾರು, ತಾನು ಹೇಳಿದರೆ ಅವರು ನಂಬುವುದಿಲ್ಲ.

*

ಪಾದ ಹೋದ ಮೇಲೆ ಡ್ರೈವಿಂಗೂ ಹೋಯಿತು. ಆರು ತಿಂಗಳು ದುಂಡಪ್ಪ ಗೋಡೆ ನೋಡುತ್ತ ಕುಳಿತ. ಆಗ ಸದಾಶಿವ ಎಲ್ಲಿಂದಲೋ ಒಂದು ಹಳೆಯ ಕಂಪ್ಯೂಟರ್ ತಂದು, "ಇದರಾಗ ಕೈಲೇ ಬ್ರೇಕ್ ಹಾಕಬಹುದಂತ ನೋಡು," ಎಂದು ಇಟ್ಟು ಹೋಗಿದ್ದ.

ಅದು ಬಸ್ಸು ಓಡಿಸುವ ಆಟ. ಅದರ ರಸ್ತೆಗಳು ಯಾವ ದೇಶದವೋ, ಎತ್ತ ನೋಡಿದರೂ ಸೂಜಿಯೆಲೆಯ ಗಿಡ, ಹಿಮದ ಗುಡ್ಡ. ದುಂಡಪ್ಪ ಅವಕ್ಕೆಲ್ಲ ತನ್ನ ಹೆಸರು ಇಟ್ಟುಕೊಂಡ. ಈ ಏರು ಗೋಕಾಕ ಫಾಲ್ಸಿನದು, ಈ ಕೂಡುರಸ್ತೆ ಕೊಣ್ಣೂರ, ಆ ಗಡಿಯಾರದ ಗೋಪುರ ಹುಕ್ಕೇರಿ ಸ್ಟ್ಯಾಂಡು. ಓಡಿಸುತ್ತ ತಾನೇ ಡ್ರೈವರು, ತಾನೇ ಕಂಡಕ್ಟರು, ತಾನೇ ಕಿಟಕಿಗೆ ಜಗಳವಾಡುವ ಮಂದಿ ಆಗಿ ಮಾತಾಡುತ್ತಿದ್ದ. ಅದನ್ನು ಯೂಟ್ಯೂಬಿಗೆ ಹಾಕುತ್ತಿದ್ದ. ವರ್ಷ ಕಳೆದರೂ ನೋಡುವವರು ಹನ್ನೊಂದು ಮಂದಿ. ಅದರಲ್ಲಿ ಸದಾಶಿವನವೇ ಎರಡು ಫೋನು.

"ಗುಂಡು ಹಾರಸೋ ಆಟ ಆಡ್ರಿ ಅಣ್ಣಾರ, ಮಂದಿ ಬರತಾರ," ಎಂದು ಒಬ್ಬ ಬರೆದಿದ್ದ.

"ನಮ್ದು ಸ್ಟಾಪಿಗೊಮ್ಮೆ ನಿಲ್ಲೋ ಗಾಡೀಪಾ," ಎಂದು ದುಂಡಪ್ಪ ಉತ್ತರ ಕೊಟ್ಟ. "ಹತ್ತೋರು ಹತ್ಲಿ."

ಒಂದು ದಿನ ರೆಕಾರ್ಡ್ ಆಗುವಾಗ ಶಂಕ್ರವ್ವ ಒಳಗಿನಿಂದ ಕೂಗಿದಳು. "ಏ ದುಂಡ್ಯಾ, ರೊಟ್ಟಿ ಆರಾಕತ್ತಾವು, ಬಸ್ ನಿಲ್ಲಸಿ ಬಾ!" ಅದು ವಿಡಿಯೋದಲ್ಲಿ ಹಾಗೆಯೇ ಹೋಯಿತು. ಹನ್ನೊಂದೂ ಮಂದಿ ಕೇಳಿದರು: ಈ ಆಯಿ ಯಾವ ಸ್ಟಾಪಿನಾಗ ಹತ್ತಿದ್ಲು?

"ಅಕ್ಕಾ, ಮಂದಿಗೆ ನಿನ್ನ ದನಿ ಬೇಕಂತ."

"ನನ್ನ ದನಿ ಯಾಕೋ? ನನಗ ಹಾಡಾಕ ಬರಂಗಿಲ್ಲ."

"ಹಾಡೂದು ಬ್ಯಾಡ. ಟಿಕೆಟ್ ತಗೊಳ್ಳದ ಮುದುಕಿ ಆಗು, ಸಾಕು."

ಹೀಗೆ ಕೊಣ್ಣೂರಿನಲ್ಲಿ ಹತ್ತುವ ಮರೆವ್ವ ಹುಟ್ಟಿದಳು. ಟಿಕೆಟ್ ತಪ್ಪಿಸಲು ವಾರಕ್ಕೊಂದು ಸಾವು ಹೇಳುವವಳು.

"ಯಪ್ಪಾ, ನಮ್ಮತ್ತಿ ಸತ್ತಾಳೋ, ಮಣ್ಣಿಗೆ ಹೊಂಟೇನೋ, ಟಿಕೆಟ್ ಕೇಳಬ್ಯಾಡೋ..."

"ಹ್ವಾದ ವಾರಾನೂ ಅತ್ತೀನ ಸತ್ತಿದ್ಲಲ್ಲಬೇ!"

"ಅಕಿ ಹಿರೇ ಅತ್ತಿ, ಇಕಿ ಸಣ್ಣತ್ತಿ."

ಹನ್ನೊಂದು ನೂರಾಯಿತು, ನೂರು ಎರಡು ಸಾವಿರದ ಹತ್ತಿರ ಬಂತು. ಶನಿವಾರ ಆರಕ್ಕೆ ನೇರವಾಗಿ ಹೊರಡುವ ಗಾಡಿಗೆ ಅರವತ್ತು ಎಪ್ಪತ್ತು ಮಂದಿ ಬಂದು ಕೂಡುತ್ತಿದ್ದರು. ಸಂಕೇಶ್ವರದ ಒಬ್ಬ ನರ್ಸು, ಕಬ್ಬಿನ ಲಾರಿಯವರು, ಗಡಿಯಲ್ಲಿದ್ದ ಒಬ್ಬ ಸಿಪಾಯಿ. ಅವಳು ಬಾಯಿ ತೆರೆಯುವ ಮೊದಲೇ ಬರೆಯುತ್ತಿದ್ದರು: ಯಾರ್ ಸತ್ತಾರಬೇ ಈ ವಾರ?

ಎರಡು ವರ್ಷದಲ್ಲಿ ಮರೆವ್ವನ ಬಳಗವೆಲ್ಲ ಮುಗಿಯಿತು.

"ಇನ್ನ ಯಾರನ್ನ ಸಾಯಸೂಣೋ?" ಎಂದು ಅವಳು ಹೋದ ಶನಿವಾರ ಕೇಳಿದಳು.

"ತಮ್ಮನ್ನ ಸಾಯಸು. ಅವನೊಬ್ಬ ಉಳದಾನ," ಎಂದು ನಕ್ಕ ದುಂಡಪ್ಪ.

"ಬಿಡ್ತು ಅನ್ನೋ!"

"ಅಕ್ಕಾ, ಆಟಬೇ ಇದು."

ಅವಳು ಸಾಯಿಸಿದಳು. ಎಂದೂ ನಗದಷ್ಟು ಮಂದಿ ಅವತ್ತು ನಕ್ಕರು.

*

ಗುರುವಾರ ಬೆಳಿಗ್ಗೆ ದುಂಡಪ್ಪನಿಗೆ ಏದುಸಿರು ಹತ್ತಿತು. ಗೋಕಾಕದ ಆಸ್ಪತ್ರೆಯಲ್ಲಿ ಮೂಗಿಗೆ ನಳಿಕೆ ಹಾಕಿದ್ದರು. ಶುಕ್ರವಾರ ಮಧ್ಯಾಹ್ನ ಅವನು ಕೈಸನ್ನೆಯಿಂದ ಅವಳನ್ನು ಹತ್ತಿರ ಕರೆದ. ಆಸ್ತಿಯ ಮಾತೋ, ದೇವರ ಮಾತೋ ಎಂದು ಅವಳು ಕಿವಿಯನ್ನು ಅವನ ಬಾಯಿಯ ಹತ್ತಿರ ಒಯ್ದಳು.

"ನಾಳೆ ಗಾಡಿ ಬರಂಗಿಲ್ಲಂತ ಹೇಳಬೇ ಅವರಿಗೆ."

"ನೀನ ಹೇಳೀಯಂತ, ಸುಮ್ನಿರು."

"ಇಲ್ಲಕ್ಕಾ. ಗಾಡಿ ಕೆಟ್ಟರ ನಾವು ಅಲ್ಲೇ ಮಲಗಿಬಿಡತಿದ್ವಿ. ಸ್ಟ್ಯಾಂಡಿನಾಗ ಕೂಸು ಎತ್ತಿಕೊಂಡ ನಿಂತ ಮಂದಿಗೆ ಯಾರೂ ಹೇಳತಿರಲಿಲ್ಲ." ಉಸಿರಿಗಾಗಿ ನಿಂತ. "ಹೇಳಬೇ. ಅವರನ್ನ ಕಾಯಾಕ ನಿಲ್ಲಸಬ್ಯಾಡ."

ಸಂಜೆ ತೀರಿಕೊಂಡ.

*

ಮಣ್ಣು ಮೂರು ಗಂಟೆಗೆ. ಕುಣಿಯೊಳಗೆ ಗೂಡು ಕಡಿದಿದ್ದರು. ದುಂಡಪ್ಪನನ್ನು ಅದರಲ್ಲಿ ಕೂರಿಸಿ, ಎಡ ಅಂಗೈಯಲ್ಲಿ ಲಿಂಗವಿಟ್ಟು, ಸುತ್ತ ವಿಭೂತಿ ಗಟ್ಟಿಗಳನ್ನು ಇಟ್ಟರು. ಅಯ್ಯನವರು ಮಂತ್ರ ಹೇಳಿದರು. ಶಂಕ್ರವ್ವ ಒಂದು ಹಿಡಿ ಮಣ್ಣು ಹಾಕಿದಳು. ಆಗಲೂ ಅಳು ಬರಲಿಲ್ಲ.

"ನನ್ನ ನಾಲಿಗೀನ ಅವನ್ನ ತಿಂದಿತು ಲಗಮವ್ವಾ," ಎಂದಳು ಹಿಂತಿರುಗುವಾಗ.

"ಹುಚ್ಚಿ ಹಂಗ ಮಾತಾಡಬ್ಯಾಡ. ಹಂಗ ಸಾಯೂದಿದ್ರ ನಾ ಬೈದ ಬೈಗಳಕ್ಕ ನನ್ನ ಗಂಡ ಎಷ್ಟ ಸಲ ಸಾಯಬೇಕಿತ್ತು!" ಎಂದು ಲಗಮವ್ವ ತನ್ನ ಸೆರಗಿನಿಂದ ಅವಳ ಕೈಯ ಮಣ್ಣು ಒರೆಸಿದಳು, ಒಂದೊಂದೇ ಬೆರಳು.

ಮನೆ ತೊಳೆದು, ಮಿಂದು, ದೀಪ ಹಚ್ಚುವಷ್ಟರಲ್ಲಿ ಐದೂಮುಕ್ಕಾಲು. ಶಂಕ್ರವ್ವ ಕಂಪ್ಯೂಟರಿನ ಕೋಣೆಗೆ ನಡೆದಾಗ ಸದಾಶಿವ ಬಾಗಿಲಿಗೆ ಅಡ್ಡ ನಿಂತ.

"ಅಕ್ಕಾರ, ಬ್ಯಾಡ್ರಿ. ನಾ ನಿನ್ನೇನ ಬರೆದು ಹಾಕೇನಿ."

"ಏನಂದ್ರು?"

ಅವನು ಫೋನನ್ನು ಕಿಸೆಗೆ ಇಳಿಸಿದ. ಅವಳು ಕೈ ಚಾಚಿದಳು. ಅವನು ಫೋನು ಕೊಡಲೇಬೇಕಾಯಿತು. 'ನಮ್ಮ ಡ್ರೈವರ್ ದುಂಡಪ್ಪ ತೀರಿಕೊಂಡಿದ್ದಾರೆ' ಎಂಬುದರ ಕೆಳಗೆ ಸಾಲಾಗಿ ನಗುವ ಮುಖಗಳು. ಮರೆವ್ವಾಯಿ ಖರೇ ಮಾಡಿಬಿಟ್ಲು! ಮಣ್ಣಿಗೆ ನಮ್ಮನ್ನೂ ಫ್ರೀ ಕರಕೊಂಡು ಹೋಗ್ರಿ!

"ಅವರ ತಪ್ಪಲ್ಲೋ," ಎಂದಳು ಶಂಕ್ರವ್ವ. "ನಾವ ಕಲಿಸಿದ್ದು."

ತನ್ನ ಕಣ್ಣು ಮಂಜಾಗತೊಡಗಿದ ಮೇಲೆ ದುಂಡಪ್ಪ ಅವಳಿಗೆ ಗುಂಡಿ ಒತ್ತಲು ಕಲಿಸಿದ್ದ. ಮೊದಲು ಇದು, ಆಮೇಲೆ ಅದು, ಕಡೆಗೆ ಕೆಂಪು ಗುಂಡಿ. ಹೋದ ವಾರ ನಿಲ್ಲಿಸಿದಲ್ಲೇ, ನಡುರಸ್ತೆಯಲ್ಲಿ, ಬಸ್ಸು ಕಾಣಿಸಿತು. ಎಂಜಿನ್ ಗುರುಗುಟ್ಟಿತು. ಮೂಲೆಯಲ್ಲಿ ನೋಡುವವರ ಅಂಕಿ ಏರತೊಡಗಿತು. ಒಂಬತ್ತು, ಇಪ್ಪತ್ತಾರು, ಐವತ್ತು, ಎಪ್ಪತ್ತೊಂದು.

ಯಾರ್ ಸತ್ತಾರಬೇ ಈ ವಾರ?

ಅವಳು ಮೈಕ್ ಹತ್ತಿರ ಎಳೆದುಕೊಂಡಳು. ಮರೆವ್ವನ ದನಿ ಬರದಿರಲೆಂದು ಮೆಲ್ಲಗೆ ಹೇಳಿದಳು. "ನನ್ನ ತಮ್ಮ ಸತ್ತಾನ್ರಿ. ಇನ್ನ ಗಾಡಿ ಬರಂಗಿಲ್ಲ."

ನಗುವ ಮುಖಗಳು ಸುರಿದವು.

ಹ್ವಾದ ವಾರಾನ ಸತ್ತಿದ್ನಲ್ಲಬೇ!

ಅಂವ ಹಿರೇ ತಮ್ಮೇನು, ಇಂವ ಸಣ್ಣ ತಮ್ಮೇನು?

ಡ್ರೈವರಣ್ಣಾ, ಬಿಡಬ್ಯಾಡೋ, ಟಿಕೆಟ್ ಕೇಳು!

ಎಲ್ಲರೂ ಅವನ ಉತ್ತರಕ್ಕೆ ಕಾದರು. ಗೊತ್ತಿದ್ದರೂ ಶಂಕ್ರವ್ವನೂ ಕಾದಳು. ಇಂಥ ಹೊತ್ತಿನಲ್ಲಿ ಅವನು ಗಂಟಲು ಸರಿಮಾಡಿಕೊಂಡು ಬೈಯಲು ಶುರುಮಾಡುತ್ತಿದ್ದ. ಪಕ್ಕದ ಕುರ್ಚಿಯ ಕಡೆ ಅವಳು ತಿರುಗಿ ನೋಡಲಿಲ್ಲ. ಅರ್ಧ ನಿಮಿಷವಾಯಿತು, ಒಂದು ನಿಮಿಷ. ನಗುವ ಮುಖಗಳು ಕಡಿಮೆಯಾದವು, ನಿಂತವು.

ಡ್ರೈವರಣ್ಣಾ? ಎಂದು ಒಬ್ಬರು ಬರೆದರು.

ಸಂಕೇಶ್ವರದ ನರ್ಸು ಬರೆದಳು. ಆಯಿ, ಖರೇನ?

ಶಂಕ್ರವ್ವ ಹೌದೆಂದು ತಲೆಯಾಡಿಸಿದಳು. ತಾನು ಅವರಿಗೆ ಕಾಣುವುದಿಲ್ಲವೆಂಬುದು ಅವಳ ನೆನಪಿಗೆ ಬರಲಿಲ್ಲ. ಮತ್ತೆ ಮತ್ತೆ ತಲೆಯಾಡಿಸಿದಳು.

ಆಮೇಲೆ ಯಾರೂ ಏನೂ ಬರೆಯಲಿಲ್ಲ. ಪರದೆಯ ಮೇಲೆ ಬಸ್ಸು ನಡುರಸ್ತೆಯಲ್ಲಿ ನಿಂತೇ ಇತ್ತು. ಅದರ ಹಿಂದೆ ಒಂದು ಕೆಂಪು ಕಾರು ಬಂದು ನಿಂತಿತು, ಅದರ ಹಿಂದೆ ಒಂದು ಲಾರಿ, ಅದರ ಹಿಂದೆ ಇನ್ನೊಂದು. ಯಾರೂ ಕೂತಿರದ ಆ ಗಾಡಿಗಳು ದಾರಿ ಬಿಡೆಂದು ಹಾರ್ನ್ ಹೊಡೆಯತೊಡಗಿದವು. ಮೂಲೆಯ ಎಪ್ಪತ್ತೊಂದು ಇಳಿಯಲಿಲ್ಲ.