ಬೂಅಲಾಮನ ಹಿಂಗಾಲಿ

ಸತ್ತವನ ಮೋಟಾರು ಸೈಕಲ್ಲನ್ನು ಲಾರಿಗೆ ಹೇರಿ ಕಳಿಸುವುದೆಂದರೆ ಅವರ ಸವಾರರ ಕೂಟದಲ್ಲಿ ಹೆಣವನ್ನು ಬೀದಿಯಲ್ಲಿ ಎಳೆದಷ್ಟೇ ಅವಮಾನ. ಮಣ್ಣು ಮಾಡಿದ ಮೂರನೇ ದಿನದ ಊಟದ ಹೊತ್ತಿಗೆ ಗಾಡಿ ತನ್ನ ಗಾಲಿಯ ಮೇಲೆ ತಾನೇ ಉರುಳಿ ಮನೆ ಬಾಗಿಲಿಗೆ ಬರಬೇಕು, ಜೊತೆಗೆ ಹೋಗಿದ್ದ ಗೆಳೆಯನೇ ಅದನ್ನು ಓಡಿಸಿ ತರಬೇಕು. ಹಾಗಾಗಿ ಬೂಅಲಾಮನ ದೇಹ ಹುಟ್ಟೂರು ಬ್ಲಿದಾಕ್ಕೆ ಹೋಗಿ ಮಣ್ಣಾದ ಮೇಲೂ ಗೆಳೆಯ ಲಖ್ದರ್ ಮರುಭೂಮಿಯ ಎಲ್ ಮೆನಿಯಾ ಊರಿನಲ್ಲೇ ಉಳಿದಿದ್ದ. ತನ್ನ ಗಾಡಿಯನ್ನು ಹಾಜಿ ಬಹ್ಮದನ ಗ್ಯಾರೇಜಿನ ಮೂಲೆಗೆ ತಳ್ಳಿ, ಗೆಳೆಯನ ಗಾಡಿ ಎದ್ದು ನಿಲ್ಲುವುದನ್ನೇ ಕಾಯುತ್ತ ಎಣ್ಣೆ ಡಬ್ಬದ ಮೇಲೆ ಕೂತಿದ್ದ.

ಬೂಅಲಾಮ್ ಯಾಕೆ ಬಿದ್ದ ಅನ್ನುವುದು ಯಾರಿಗೂ ಗೊತ್ತಿರಲಿಲ್ಲ. ರಸ್ತೆ ಗೆರೆ ಎಳೆದಷ್ಟು ನೇರ. ಗಾಳಿಯಿಲ್ಲ, ಅಡ್ಡ ಬರಲು ಒಂಟೆಯಿಲ್ಲ. ಮುಂದೆ ಹೋಗುತ್ತಿದ್ದ ಲಖ್ದರ್ ಕನ್ನಡಿ ನೋಡಿದಾಗ ಕಂಡದ್ದು ಧೂಳು ಮಾತ್ರ. ಪೊಲೀಸರು 'ನಿದ್ದೆ' ಅಂದರು, ಬಿದ್ದ ರಭಸಕ್ಕೆ ಚೈನು ಕಳಚಿದೆ ಅಂದರು. ಆದರೆ ಬೂಅಲಾಮನ ತಾಯಿ ಯಮೀನಾ ಫೋನಿನಲ್ಲಿ ಲಖ್ದರನನ್ನು ಕೇಳುತ್ತಿದ್ದದ್ದು ಒಂದೇ ಮಾತು: "ಯಾರಿಂದ ಆಯ್ತು ಹೇಳು ಮಗಾ. ಯಾರಿಂದಲೂ ಅಲ್ಲ ಅಂದ್ರೆ ಅದನ್ನಾದ್ರೂ ಹೇಳು."

ಬಹ್ಮದ್ ಕೈಗಿಂತ ಬಾಯಿಗೆ ಹೆಚ್ಚು ಎಣ್ಣೆ ಬಿಟ್ಟುಕೊಂಡ ಮನುಷ್ಯ. "ಚೈನಿ ಮಾಡೋಕೆ ಮರುಭೂಮಿಗೆ ಬರ್ತೀರಿ, ಚೈನು ಮಾತ್ರ ಯಾವನೂ ನೋಡಲ್ಲ," ಎಂದು ಗೊಣಗುತ್ತ ಹ್ಯಾಂಡಲ್ ನೆಟ್ಟಗೆ ಮಾಡಿದ, ಹೊಸ ಚೈನು ತರಿಸಿದ. ಕೊನೆಗೆ ಎರಡು ಗಾಲಿಯೂ ಒಂದೇ ನೇರಕ್ಕಿವೆಯೇ ಎಂದು ನೋಡಲು ಹಿಂದಿನ ಟೈರಿಗೆ ದಾರ ಸುತ್ತಿ, ಎರಡು ತುದಿಗಳನ್ನೂ ಎರಡು ಮಗ್ಗುಲಿನಿಂದ ಮುಂದಕ್ಕೆ ಎಳೆದು ಮುಂಗಾಲಿಯ ಆಚೆ ಬಿಗಿದ. ಎಡಗಡೆ ದಾರಕ್ಕೂ ಮುಂದಿನ ಟೈರಿಗೂ ನಡುವೆ ಹೆಬ್ಬೆರಳು ತೂರುವಷ್ಟು ಸಂದು. ಬಲಗಡೆ ದಾರ ಟೈರನ್ನೇ ತಬ್ಬಿಕೊಂಡಿತ್ತು.

"ಹಿಂಗಾಲಿ ಸೊಟ್ಟ," ಅಂದ ಬಹ್ಮದ್.

"ಬಿದ್ದ ಪೆಟ್ಟಿಗೆ ಆಗಿರುತ್ತೆ ಹಾಜಿ. ಕಂಬಿ ಮೇಲಿನ ಗುರುತು ನೋಡಿ, ಗಾಲಿ ಅಚ್ಚು ಎರಡೂ ಕಡೆ ಒಂದೇ ಗೆರೆ ಮೇಲಿದೆ."

"ಗುರುತು ನಂಬಿದೋನು ಗುರುತು ಸಿಗದ ಹಾಗೆ ಹೋಗ್ತಾನಪ್ಪ."

ಬಹ್ಮದ್ ನಟ್ಟು ಬಿಚ್ಚಿ ಅಚ್ಚನ್ನು ಬಡಿದು ಹೊರಗೆಳೆದ. ಅಚ್ಚಿನ ಎರಡು ತುದಿಗೂ ಒಂದೊಂದು ಕಬ್ಬಿಣದ ಬಿಲ್ಲೆ. ಬಿಲ್ಲೆಯ ತೂತು ನಟ್ಟನಡುವೆ ಇರುವುದಿಲ್ಲ, ಒಂದು ಬದಿಗೆ ಸರಿದಿರುತ್ತದೆ. ಬಲಗಡೆಯದು ಹಿಂದುಮುಂದಾಗಿ ಕೂತಿತ್ತು. ಹಾಗೆ ಕೂತರೆ ಗೆರೆ ಸರಿ ತೋರಿಸುತ್ತದೆ, ಗಾಲಿ ಮಾತ್ರ ಓರೆಯಾಗಿ ಓಡುತ್ತದೆ. ಅವನು ಚೈನು ಕೂರುವ ಹಿಂದಿನ ಹಲ್ಲಿನ ಚಕ್ರವನ್ನು ಬೆಳಕಿಗೆ ಹಿಡಿದ. ಹಲ್ಲುಗಳೆಲ್ಲ ಒಂದೇ ಮಗ್ಗುಲಲ್ಲಿ ಹೊಸದಾಗಿ ಕೆರೆದು ಬೆಳ್ಳಿಯಂತೆ ಹೊಳೆಯುತ್ತಿದ್ದವು.

"ನಿದ್ದೆಯಂತೆ ನಿದ್ದೆ! ಬಿದ್ದಿದ್ದಕ್ಕೆ ಚೈನು ಕಳಚಿದ್ದಲ್ಲ ತಮ್ಮಾ, ಚೈನು ಕಳಚಿದ್ದಕ್ಕೆ ಬಿದ್ದಿದ್ದು. ಹಲ್ಲು ಹತ್ತಿ ಹತ್ತಿ ಆಚೆ ಜಿಗಿದಿದೆ, ಗಾಲಿಗೆ ಸುತ್ಕೊಂಡಿದೆ, ಓಡೋ ಗಾಲಿ ಅಲ್ಲೇ ಕಚ್ಕೊಂಡಿದೆ. ಯಾವ ಕತ್ತೆ ಹಾಕಿದ್ದು ಈ ಬಿಲ್ಲೇನ?"

ಲಖ್ದರ್ ಬಿಲ್ಲೆಯನ್ನೇ ನೋಡಿದ. ಬರುವಾಗ ಲಗ್ವಾತ್ ಊರು ದಾಟಿದ ಮೇಲೆ ಬೂಅಲಾಮನ ಹಿಂಗಾಲಿಗೆ ಮೊಳೆ ಹೊಕ್ಕಿತ್ತು. ಕೈಕೆಲಸ ಲಖ್ದರನದು, ಬಾಯಿಕೆಲಸ ಬೂಅಲಾಮನದು. ಅದು ಅವರಿಬ್ಬರ ಹಳೆಯ ಒಪ್ಪಂದ. ಲಖ್ದರ್ ಗಾಲಿ ಬಿಚ್ಚಿ ಮೊಳೆ ಕೀಳುತ್ತಿದ್ದರೆ ಬೂಅಲಾಮ್ ಹೆಲ್ಮೆಟ್ಟನ್ನು ಅಂಗಿಯೊಳಗೆ ಹೊಟ್ಟೆಗೆ ತುರುಕಿಕೊಂಡು, ಅಣಕಿಸುತ್ತ ಲಖ್ದರನ ಮಾವನೇ ಆಗಿಬಿಟ್ಟಿದ್ದ. ಅದೇ ಗೊಗ್ಗರು ದನಿ, ಅದೇ ಕೆಮ್ಮು: "ನನ್ನ ಮಗಳನ್ನ ಬಿಟ್ಟು ಈ ಕಬ್ಬಿಣದ ಕತ್ತೆ ಹಿಂದೆ ಓಡ್ತೀಯೇನೋ? ಅದನ್ನ ಕಟ್ಕೊಳ್ಳೋಕೆ ಎಷ್ಟು ಮೆಹರ್ ಕೊಟ್ಟೆ?" ಲಖ್ದರ್ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಲೇ ಅಚ್ಚು ತೂರಿಸಿದ್ದ, ನಗುತ್ತಲೇ ನಟ್ಟು ಬಿಗಿದಿದ್ದ.

"ಅವನೇ," ಅಂದ ಲಖ್ದರ್. "ಬೂಅಲಾಮೇ ಹಾಕಿದ್ದು."

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಬಿಸಿ ಸೈಲೆನ್ಸರು ತಗುಲಿದ ಕಾಲು ತಾನಾಗಿ ಹಿಂದೆ ಸರಿಯುವುದಿಲ್ಲವೇ, ಹಾಗೆ ಸರಿದ ಮಾತು ಅದು.

"ದೇವರು ಅವನನ್ನ ಕ್ಷಮಿಸಲಿ," ಎಂದು ಬಹ್ಮದ್ ಎದೆ ಮುಟ್ಟಿಕೊಂಡ. ಅಷ್ಟರಲ್ಲಿ ಡಬ್ಬದ ಮೇಲಿದ್ದ ಫೋನು ಹೊಡೆದುಕೊಂಡಿತು. ಲಖ್ದರ್ ಗ್ರೀಸಿನ ಬೆರಳಲ್ಲೇ ಸ್ಪೀಕರ್ ಒತ್ತಿದ.

"ಹೊರಟೆಯಾ ಮಗಾ?" ಯಮೀನಾಳ ದನಿ. "ಏನಾದ್ರೂ ಗೊತ್ತಾಯ್ತಾ?"

ಲಖ್ದರ್ ಬಾಯಿ ತೆರೆಯುವ ಮೊದಲೇ ಬಹ್ಮದ್ ಬಗ್ಗಿದ. "ಅಮ್ಮಾ, ನಾನು ಮೆಕ್ಯಾನಿಕ್ಕು. ಗೊತ್ತಾಯ್ತು. ನಿಮ್ಮ ಮಗ ಹಿಂಗಾಲಿ ತಪ್ಪಾಗಿ ಹಾಕ್ಕೊಂಡಿದ್ದ, ಪಾಪ. ಬೇರೆ ಯಾರ ಕೈಯೂ ಇಲ್ಲ."

"ಅವನದೇ ಕೈಯಾ? ದೇವರು ದೊಡ್ಡವನು. ಇನ್ನೊಬ್ಬ ತಾಯಿಯ ಮಗನನ್ನ ಶಪಿಸ್ಬೇಕಾಗುತ್ತೆ ಅಂತ ಹೆದರಿದ್ದೆ. ಅವರಪ್ಪ ಹೇಳ್ತಾನೇ ಇದ್ರು, ಈ ಹುಡುಗ ಎಲ್ಲಾನೂ ನಗುವಲ್ಲೇ ಕೆಡಿಸ್ತಾನೆ ಅಂತ. ನಾನು ಅವರ ಮೇಲೆ ರೇಗ್ತಿದ್ದೆ. ಅವರು ಹೇಳಿದ್ದೇ ನಿಜವಾಯ್ತು."

ಲಖ್ದರನಿಂದ ತಡೆಯಲಾಗಲಿಲ್ಲ. "ಅಮ್ಮಾ, ಅವನಲ್ಲ! ಗಾಲಿ ಹಾಕಿದ್ದು ನಾನು. ಅವನು ಅದನ್ನ ಮುಟ್ಟೇ ಇಲ್ಲ."

"ಏನಂದೆ?"

"ನಾನು ಹಾಕಿದ್ದು. ಹಾಜಿ ಹತ್ರ ಸುಳ್ಳು ಹೇಳ್ದೆ."

ಯಮೀನಾ ಅತ್ತಳು, ಮಗ ಸತ್ತ ಮೇಲೆ ಮೊದಲ ಸಲ ಮೆತ್ತಗೆ ಅತ್ತಳು. "ನಿನ್ನ ಹೊಟ್ಟೆ ತಣ್ಣಗಿರಲಿ ಮಗಾ. ಸತ್ತವನ ತಪ್ಪನ್ನ ನಿನ್ನ ತಲೆ ಮೇಲೆ ಹೊತ್ಕೋತೀಯಾ? ಬೇಡಪ್ಪ, ಬೇಡ."

"ನಿಜ ಅಮ್ಮಾ, ಆಣೆಯಾಗ್ಲೂ..."

"ಸುಳ್ಳಾಣೆ ಇಡಬೇಡ, ಪಾಪ ಬರುತ್ತೆ. ನನ್ನ ಮಗನ ಹೆಸರು ಉಳಿಸೋಕೆ ಇಷ್ಟು ಮಾಡ್ದೆ, ಸಾಕು. ಊಟಕ್ಕೆ ಅವನ ಜಾಗದಲ್ಲಿ ನೀನೇ ಕೂರ್ಬೇಕು." ಅವಳು ಫೋನಿನಿಂದ ಮುಖ ತಿರುಗಿಸಿ ಮನೆತುಂಬ ಕೂತಿದ್ದ ಹೆಂಗಸರಿಗೆ ಹೇಳುವುದೂ ಕೇಳಿಸಿತು: "ಕೇಳಿದ್ರಾ? ನನ್ನ ಮಗ ಎಂಥ ಗೆಳೆಯನನ್ನ ಸಂಪಾದಿಸಿದ್ದ!" ಫೋನು ಸುಮ್ಮನಾಯಿತು.

ಬಹ್ಮದ್ ತೋಳಿನಿಂದ ಕಣ್ಣೊರೆಸಿಕೊಂಡ. "ಎಷ್ಟು ಚೆನ್ನಾಗಿ ಹೇಳ್ದೆ! ನಾನೇ ನಂಬಿಬಿಡ್ತಿದ್ದೆ."

"ನಿಜ ಹಾಜಿ. ನಾನೇ ಹಾಕಿದ್ದು."

"ಆಗ್ಲಪ್ಪ, ನೀನೇ," ಎಂದು ಬಹ್ಮದ್ ಅವನ ಬೆನ್ನು ತಟ್ಟಿದ. ಬಿಲ್ಲೆಯನ್ನು ಒರೆಸಿ ಅವನ ಕೈಗೇ ಕೊಟ್ಟ. "ಓಡಿಸೋನು ನೀನು, ನೀನೇ ಹಾಕು."

ಲಖ್ದರ್ ಮಂಡಿಯೂರಿ ಕೂತ. ಬಿಲ್ಲೆ ತಿರುಗಿಸಿ ಕೂರಿಸಿದ, ಬಿಚ್ಚಿದ, ಮತ್ತೆ ಕೂರಿಸಿದ, ಅಚ್ಚು ತೂರಿಸಿದ.

"ಒಂದ್ಸಲ ನೋಡಿ ಹಾಜಿ. ಸರಿಯಾಗಿದೆಯಾ?"

"ನಿನ್ನಂಥೋನು ಹಾಕಿದ್ಮೇಲೆ ನಾನು ನೋಡೋದೇನು?" ಎನ್ನುತ್ತ ಬಹ್ಮದ್ ಚಹಾ ಕಾಯಿಸಲು ಎದ್ದು ಒಳಗೆ ಹೋದ.