ಹೊಲಿಗೆ ನೋಡಿ ಕೊಂಡ ರೆಕ್ಕೆ

ಹಲ್ಲಿನ ಡಾಕ್ಟರು ನನ್ನ ತೂಕ ಕೇಳಿದಾಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು. ಅದರ ಬದಲು ರೇಗಿಬಿಟ್ಟೆ.

"ನನ್ನ ತೂಕ ಕಟ್ಕೊಂಡು ನಿಮಗೇನಾಗ್ಬೇಕು ಡಾಕ್ಟ್ರೇ? ಸಾಮಾನು ಮಾರ್ತಿದೀರೋ, ನನ್ನನ್ನ ತೂಗ್ತಿದೀರೋ?"

"ಹಾಗಲ್ಲ ಅಕ್ಕಾವ್ರೇ, ಬೋರ್ಡು ನಿಮಗೆ ಆಗುತ್ತೋ ಇಲ್ವೋ ಅಂತ. ಒಂದ್ಸಲ ನೀರಿಗಿಳಿದು ನೋಡಿ, ಆಮೇಲೆ ತಗೊಳ್ಳಿ."

"ನಾನು ನೋಡಾಯ್ತು."

ನಾನು ನೋಡಿದ್ದು ಹೊಲಿಗೆಯನ್ನು. ನನ್ನದು ಟಾರ್ಪಾಲಿನ್ ಅಂಗಡಿ. ಲಾರಿಯ ಹೊದಿಕೆ, ಡೇರೆ, ಅಂಗಡಿ ಮುಂದಿನ ನೆರಳು, ಇವೇ ನಮ್ಮ ಕೆಲಸ. ಎರಡು ವರ್ಷದಿಂದ ಅಣೆಕಟ್ಟಿನ ಹಿನ್ನೀರಿನಲ್ಲಿ ವಿಂಗ್ ಫಾಯಿಲಿಂಗ್ ಆಡುವವರು ಹರಿದ ರೆಕ್ಕೆಗಳನ್ನು ತಂದುಕೊಡುತ್ತಿದ್ದರು. ಗಾಳಿ ತುಂಬಿದ ಬಟ್ಟೆಯ ರೆಕ್ಕೆಯನ್ನು ಕೈಯಲ್ಲಿ ಹಿಡಿದು, ಒಂದು ಗಿಡ್ಡ ಬೋರ್ಡಿನ ಮೇಲೆ ನಿಲ್ಲುವ ಆಟ ಅದು. ಬೋರ್ಡಿನ ಅಡಿಯಲ್ಲಿ ಕಂಬ, ಕಂಬದ ತುದಿಯಲ್ಲಿ ಮೀನಿನ ಈಜುರೆಕ್ಕೆಯಂಥ ಎರಡು ಪಟ್ಟಿ. ವೇಗ ಬಂದರೆ ಬೋರ್ಡು ನೀರು ಬಿಟ್ಟು ಮೇಲೇಳುತ್ತದೆ. ಡಾಕ್ಟರ ನೀಲಿ ರೆಕ್ಕೆ ಮೂರು ಸಲ ಹರಿದಿತ್ತು, ಮೂರು ಸಲವೂ ನಾನೇ ಹೊಲಿದಿದ್ದೆ. ಒಂದು ಎಳೆಯೂ ಅಲುಗಾಡಿರಲಿಲ್ಲ. ಬೋರ್ಡು, ಕಂಬಗಳನ್ನು ಮಾತ್ರ ಪಾತ್ರೆ ಕೊಳ್ಳುವವರು ಚೀಲ ನೋಡಿದ ಹಾಗೆ ನೋಡಿದೆ. ಡಾಕ್ಟರು ಊರು ಬಿಡುವ ಆತುರದಲ್ಲಿದ್ದರು. ಕಾರಿನಲ್ಲೇ ಎಲ್ಲ ತಂದಿಳಿಸಿ, ದುಡ್ಡು ಎಣಿಸಿಕೊಂಡು ಹೋದರು.

ಯಾಕೆ ಕೊಂಡೆ ಎಂದು ಕೇಳಿದರೆ ನನಗೆ ಸಿಟ್ಟು ಬರುತ್ತದೆ, ಉತ್ತರ ಗೊತ್ತಿಲ್ಲದ್ದಕ್ಕೆ. ಹೊಲಿದ ರೆಕ್ಕೆ ಕೊಡಲು ಒಂದು ಸಲ ದಡಕ್ಕೆ ಹೋಗಿದ್ದೆ. ಒಬ್ಬ ನನ್ನ ಕಣ್ಣೆದುರೇ ಸದ್ದಿಲ್ಲದೆ ಹಾದು ಹೋದ. ಎಂಜಿನ್ ಇಲ್ಲ, ಹಗ್ಗ ಇಲ್ಲ, ಕಾಲಡಿ ನೀರೂ ಇಲ್ಲ. ಅಷ್ಟೇ. ಅದಾದ ಮೇಲೆ ನಾಲ್ಕು ದಿನ ನಾನು ಲಾರಿ ಹೊದಿಕೆಗಳ ಅಳತೆ ತಪ್ಪಿಸಿದೆ.

ಆ ದುಡ್ಡು ತಂಗಿಯ ಹೊಸ ಮಷೀನಿಗೆಂದು ಇಟ್ಟಿದ್ದು. ಹತ್ತೊಂಬತ್ತು ವರ್ಷದಿಂದ ಅವಳು ನನ್ನ ಎದುರಿನ ಮಷೀನಿನಲ್ಲಿ ಕೂರುತ್ತಾಳೆ. ನಲವತ್ತೊಂದಾದರೂ ನನಗೆ ಪುಟ್ಟಿಯೇ. ಅವಳ ಮಷೀನು ದಪ್ಪ ಬಟ್ಟೆ ಕಂಡರೆ ಹೊಲಿಗೆ ಬಿಡುತ್ತದೆ, ಅದು ಬಿಟ್ಟ ಕಡೆಯಲ್ಲೆಲ್ಲ ಅವಳು ಕೈಯಲ್ಲಿ ಸೂಜಿ ಹಾಕುತ್ತಾಳೆ. ಗೋಡೆಗೆ ಒರಗಿಸಿದ ಸಾಮಾನನ್ನು ಅವಳು ನೋಡಿದಳು. ನಾನು ಜಗಳಕ್ಕೆ ಟೊಂಕ ಕಟ್ಟಿ ನಿಂತಿದ್ದೆ.

"ಚೆನ್ನಾಗಿದೆ," ಎಂದಳು.

ಬೈದಿದ್ದರೆ ನಾನೂ ಬೈಯುತ್ತಿದ್ದೆ, ಸಂಜೆಗೆ ಸರಿಹೋಗುತ್ತಿತ್ತು. ನಮ್ಮಿಬ್ಬರದು ಯಾವತ್ತೂ ಹಾಗೇ. ಈ ಸಲ ಅವಳು ತನ್ನ ಪಾಡಿಗೆ ಕೂತು ಹೊಲಿದಳು. ಬಾಗಿಲು ಹಾಕುವ ಹೊತ್ತಿಗೆ, ದಾರ ಕತ್ತರಿಸುತ್ತಾ, ಹವಾಮಾನ ಹೇಳುವವಳ ಹಾಗೆ ಹೇಳಿದಳು.

"ಸೀಟ್ ಕವರ್ ಅಂಗಡಿಯವರು ಕೆಲಸಕ್ಕೆ ಕರೀತಿದಾರೆ ಅಕ್ಕ. ಸೋಮವಾರ ಹೇಳ್ತೀನಿ ಅಂದಿದೀನಿ."

"ಏನು ಹೇಳ್ತೀಯ?"

"ಸೋಮವಾರ ಹೇಳ್ತೀನಿ ಅಂದಿದೀನಿ."

ಆ ರಾತ್ರಿ ನಿದ್ದೆ ಬರಲಿಲ್ಲ ಎಂದರೆ ಸುಳ್ಳು, ಬಂತು. ಆದರೆ ಬೆಳಿಗ್ಗೆ ಎದ್ದಾಗ ನನ್ನ ಎದುರಿನ ಮಷೀನು ಖಾಲಿಯಿದ್ದರೆ ಯಾರ ಮೇಲೆ ಕೂಗಾಡುವುದು ಎಂಬ ಪ್ರಶ್ನೆ ನನಗಿಂತ ಮುಂಚೆ ಎದ್ದು ಕೂತಿತ್ತು.

ಶನಿವಾರ ಅಂಗಡಿಯ ನೆಲದ ಮೇಲೆ ಕಂಬ ಜೋಡಿಸಲು ಕೂತೆ. ಚೀಲದಲ್ಲಿ ಹದಿನಾಲ್ಕು ಬೋಲ್ಟು, ನನಗೆ ಕಾಣುವುದು ಹನ್ನೊಂದೇ ತೂತು. ಪಟ್ಟಿಗಳಲ್ಲಿ ಒಂದು ದೊಡ್ಡದು, ಒಂದು ಚಿಕ್ಕದು. ಯಾವುದು ಮುಂದೆ?

"ಚಿಕ್ಕದು ಮುಂದೆ ಇರ್ಬೇಕು," ಎಂದೆ. "ನೀರು ಸೀಳ್ಬೇಕಲ್ಲ."

"ವಿಮಾನಕ್ಕೆ ಬಾಲ ಎಲ್ಲಿರುತ್ತೆ?" ಎಂದಳು ತಂಗಿ, ತಲೆಯೆತ್ತದೆ.

"ನೀನೇನು ವಿಮಾನ ಓಡಿಸಿದ್ದೀಯಾ?"

"ನೀನೇನು ಮೀನು ಸಾಕಿದ್ದೀಯಾ?"

ಬಿಚ್ಚಿ ತಿರುಗಿಸಿ ಹಾಕಿದೆ. ಮೂರು ಬೋಲ್ಟು ಉಳಿದೇ ಉಳಿದವು. ಡಾಕ್ಟರಿಗೆ ಫೋನು ಮಾಡಲು ಮನಸ್ಸಾಯಿತು. ಮಾಡಿದರೆ ಮತ್ತೆ ತೂಕ ಕೇಳುತ್ತಾನೆ ಎಂದು ಬಿಟ್ಟೆ. ಆಮೇಲೆ, ಬಾಯಿ ತಡೆಯಲಾರದೆ, "ನಾಳೆ ದಡಕ್ಕೆ ಹೋಗ್ತೀನಿ, ಬರ್ತೀಯಾ?" ಎಂದೆ. ಬರುವುದಿಲ್ಲ ಅಂತಲೇ ಕೇಳಿದ್ದು. "ಬರ್ತೀನಿ," ಎಂದಳು. ಬಿಟ್ಟುಹೋಗುವವಳು ಯಾಕೆ ಬರುತ್ತಾಳೆ? ಉಳಿಯುವವಳಾದರೆ ಯಾಕೆ ಹೇಳುವುದಿಲ್ಲ? ನನಗೆ ತಲೆಬುಡ ತಿಳಿಯಲಿಲ್ಲ.

ಭಾನುವಾರ ಗಾಳಿ ದಡದ ಉದ್ದಕ್ಕೆ ಬೀಸುತ್ತಿತ್ತು. ಬೋರ್ಡು ಬಾಡಿಗೆಗೆ ಕೊಡುವವನು ನಮಗಿಬ್ಬರಿಗೂ ಲೈಫ್ ಜಾಕೆಟ್ ಕೊಟ್ಟ. ಚಿಕ್ಕಂದಿನಲ್ಲಿ ಅಪ್ಪ ಇಬ್ಬರಿಗೂ ಬಾವಿಯಲ್ಲಿ ಈಜು ಕಲಿಸಿದ್ದರಿಂದ ನೀರಿನ ಹೆದರಿಕೆ ಇರಲಿಲ್ಲ. ಎದೆಮಟ್ಟದ ನೀರಿಗೆ ಹೋಗಿ ಬೋರ್ಡಿನ ಮೇಲೆ ಮೊಣಕಾಲೂರಿದೆ. ಬೋರ್ಡು ಇಳಿಯಿತು. ಸರಿಯಾಗಿ ಕೂರೋಣವೆಂದು ಹಿಂದಕ್ಕೆ ಸರಿದೆ, ಇನ್ನೂ ಇಳಿಯಿತು. ಕೊನೆಗೆ ನಾನು ಹೊಕ್ಕುಳವರೆಗೆ ನೀರಿನಲ್ಲಿ, ಮೊಣಕಾಲೂರಿ, ರೆಕ್ಕೆಯನ್ನು ತಲೆಯ ಮೇಲೆ ಹಿಡಿದು, ಯಾರಿಗೋ ಕ್ಷಮೆ ಕೇಳುವವಳ ಹಾಗೆ ಕೂತಿದ್ದೆ. ಮರುಕ್ಷಣ ಮಗುಚಿಕೊಂಡೆ.

"ತೂತು ಬಿದ್ದಿದೆ ಇದು! ಆ ಡಾಕ್ಟ್ರು ತೂತು ಬೋರ್ಡು ಕೊಟ್ಟಿದಾನೆ!"

ಬಾಡಿಗೆಯವನು ದಡದಿಂದಲೇ ಕೂಗಿದ. "ಎಷ್ಟು ಲೀಟರು ಅಮ್ಮಾ ಅದು?"

"ಲೀಟರಾ? ಇದೇನು ಹಾಲಿನ ಕ್ಯಾನಾ?"

"ಮೂತಿ ಹತ್ರ ಬರೆದಿರುತ್ತೆ ನೋಡಿ."

ಅರವತ್ತೆರಡು ಎಂದು ಬರೆದಿತ್ತು.

"ನೀವೆಷ್ಟು ಕೆಜಿ?"

ಒಂದೇ ವಾರದಲ್ಲಿ ಇಬ್ಬರು ಗಂಡಸರು! ಬಾಯಲ್ಲಿ ನೀರು ತುಂಬಿದ್ದರಿಂದ ಬೈಗುಳ ಹೊರಡಲಿಲ್ಲ. ಉಗುಳಿ, "ಎಂಬತ್ನಾಲ್ಕು," ಎಂದೆ.

"ಮತ್ತೆ ಮುಳುಗದೆ ಏನ್ ಮಾಡುತ್ತೆ ಪಾಪ? ಅರವತ್ತೆರಡು ಲೀಟರು ಅಂದ್ರೆ ಅರವತ್ತು ಕೆಜಿ ಹೊತ್ಕೊಳ್ಳೋದೇ ಕಷ್ಟ. ಕಲಿಯೋರಿಗೆ ತೂಕಕ್ಕಿಂತ ಮೂವತ್ತು ನಲವತ್ತು ಲೀಟರು ಜಾಸ್ತಿ ಇರ್ಬೇಕು. ನೋಡಿ ತಗೊಳ್ಳೋದಲ್ವಾ?"

ತಂಗಿ ನಕ್ಕಳು. ಆ ವಾರ ಅವಳ ನಗು ಕೇಳಿದ್ದು ಅದೇ ಮೊದಲು. ಆಮೇಲೆ ಚಪ್ಪಲಿ ಬಿಟ್ಟು ನೀರಿಗಿಳಿದು ಬಂದಳು.

"ನಾನು ನೋಡ್ಲಾ?"

ನಲವತ್ತೇಳು ಕೆಜಿ ಇದ್ದಾಳೆ, ದಾರದ ಉಂಡೆ ಸಮೇತ. ಬೋರ್ಡು ಅವಳನ್ನು ಹೊತ್ತುಕೊಂಡಿತು. ಒಂದೆರಡು ಸಲ ಬಿದ್ದಳು, ಎದ್ದಳು. ಮೂರನೆಯ ಸಲ ರೆಕ್ಕೆಗೆ ಗಾಳಿ ಸಿಕ್ಕಿತು. ನೀರು ಬಿಟ್ಟು ಮೇಲೇನೂ ಏಳಲಿಲ್ಲ, ಮೊಣಕಾಲ ಮೇಲೆಯೇ ಇದ್ದಳು, ಆದರೆ ಹೊರಟೇಬಿಟ್ಟಳು. ದಡದ ಉದ್ದಕ್ಕೆ, ನೆಟ್ಟಗೆ.

ನಾನು ಒದ್ದೆ ಬಟ್ಟೆಯಲ್ಲಿ ಕಲ್ಲುಗಳ ಮೇಲೆ ಓಡಿದೆ. "ರೆಕ್ಕೆ ಬಿಡು! ಬಿಡ್ಬೇಡ, ಹಿಡ್ಕೋ! ಈ ಕಡೆ ತಿರುಗು!" ನನಗೇ ಗೊತ್ತಿಲ್ಲದ ವಿದ್ಯೆಯನ್ನು ಹೇಳಿಕೊಡುತ್ತಿದ್ದೆ. ಅವಳು ತಿರುಗಲಿಲ್ಲ. ಮುಳುಗುತ್ತಾಳೆಂಬ ಭಯ ನನಗಿರಲಿಲ್ಲ. ಅವಳ ಬೆನ್ನು ಚಿಕ್ಕದಾಗುತ್ತಾ ಹೋಗುವುದನ್ನು ನೋಡಲಾಗಲಿಲ್ಲ. ಹತ್ತೊಂಬತ್ತು ವರ್ಷ ಅವಳ ಮುಖ ನನ್ನ ಎದುರಿಗೇ ಇತ್ತು, ಬೆನ್ನು ಇಷ್ಟು ಹೊತ್ತು ನೋಡಿದ್ದೇ ಇಲ್ಲ.

ಅರ್ಧ ಮೈಲಿ ಆಚೆ, ಸೊಂಟಮಟ್ಟದ ನೀರಿನಲ್ಲಿ ಅವಳು ಬೋರ್ಡು ಹಿಡಿದು ನಿಂತಿದ್ದಳು. ನಾನು ಏದುಸಿರು ಬಿಡುತ್ತಾ ಹೋದೆ.

"ಇದು ನಿನಗೇ ಸರಿ. ನೀನೇ ಇಟ್ಕೋ, ಮುಗೀತು," ಎಂದೆ.

ಅವಳ ಮುಖದ ನಗು ಆರಿತು. "ನೋಡು, ಮತ್ತೆ ಶುರು ಮಾಡ್ದೆ. ನನಗೆ ಬೇಕಾ ಅಂತ ಕೇಳಿದ್ಯಾ?"

"ಬೇಕಾ?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ ಏನೇ ಅರ್ಥ? ಅಷ್ಟು ದೂರ ಹೋದೆ!"

"ಹೋದೆ. ಚೆನ್ನಾಗಿತ್ತು. ಬೇಕಾ ಅಂದ್ರೆ ಗೊತ್ತಿಲ್ಲ."

ನಾನು ನೀರಿನಲ್ಲೇ ಒಂದು ಕಲ್ಲಿನ ಮೇಲೆ ಕೂತೆ. ಕೇಳಬಾರದೆಂದುಕೊಂಡಿದ್ದು ಹೊರಗೆ ಬಂತು. "ನಾಳೆ ಅವರಿಗೆ ಏನು ಹೇಳ್ತೀಯ ಪುಟ್ಟಿ?"

ಅವಳು ರೆಕ್ಕೆಯ ಕವಾಟ ತೆಗೆದಳು. ಗಾಳಿ ಬುಸ್ಸೆಂದಿತು.

"ಒಂದು ತಿಂಗಳು ಅಲ್ಲಿ ಮಾಡಿ ನೋಡ್ತೀನಿ ಅಂತ. ನನಗಾಗುತ್ತೋ ಇಲ್ವೋ ನೋಡಿ, ಆಮೇಲೆ ಹೇಳ್ತೀನಿ."

"ಯಾರಿಗೆ ಹೇಳ್ತೀಯ? ಅವರಿಗಾ, ನನಗಾ?"

"ಇಬ್ಬರಿಗೂ."

ಕೂಗಾಡಬೇಕೆನಿಸಿತು. ಅವಳ ಮೇಲೋ, ಡಾಕ್ಟರ ಮೇಲೋ, ನನ್ನ ಮೇಲೋ ತಿಳಿಯಲಿಲ್ಲ. ಅವಳು ಹೇಳಿದ್ದು ಹೋಗುವ ಮಾತೋ, ಬರುವ ಮಾತೋ, ಅದೂ ತಿಳಿಯಲಿಲ್ಲ.

"ಹಾಗಾದ್ರೆ ನಿನ್ನ ಜಾಗಕ್ಕೆ ಯಾರನ್ನೂ ಕೂರಿಸ್ಬಾರ್ದಾ?" ಎಂದೆ.

"ಅದು ನೀನು ಯೋಚ್ನೆ ಮಾಡು. ಆ ಕಡೆ ಹಿಡಿ, ಭಾರ ಇದೆ."

ಅವಳು ಬೋರ್ಡಿನ ಮೂತಿ ಎತ್ತಿದಳು, ನಾನು ಹಿಂಬದಿ ಹಿಡಿದೆ. ದಾರಿಯುದ್ದಕ್ಕೂ ಅವಳು "ಮೆಲ್ಲಗೆ, ಮೆಲ್ಲಗೆ" ಎನ್ನುತ್ತಿದ್ದಳು. ನಾನಂತೂ ಆಗಲೇ ಮೆಲ್ಲಗೇ ನಡೆಯುತ್ತಿದ್ದೆ.